ಮೊದಲ ಸಲ ಬೇರೆ ರಾಜ್ಯಕ್ಕೆ ಟರ್ಕಿ ಬೇಟೆ: ಮಿಸೌರಿ ಕಡೆ ಹೋದವರು ದಾರಿ ಹೇಳಿ

ಕಾಡುದಾರಿ, ಮಾರ್ಚ್ 8

ಎಲ್ಲರಿಗೂ ನಮಸ್ಕಾರ. ನಾನಿರುವುದು ಶಿಕಾಗೋ ಪಕ್ಕದ ಒಂದು ಊರಲ್ಲಿ. ಹುಟ್ಟಿದ್ದು ಸಕಲೇಶಪುರದ ಕಡೆ. ಇಲಿನಾಯ್‌ನಲ್ಲಿ ಎರಡು ವರ್ಷ ವಸಂತದ ಟರ್ಕಿ (ಕೋಳಿ ಜಾತಿಯ ದೊಡ್ಡ ಕಾಡುಹಕ್ಕಿ) ಬೇಟೆಗೆ ಹೋಗಿದ್ದೇನೆ. ಎರಡು ಸಲವೂ ಬರಿಗೈಲಿ ಬಂದೆ. ಆದರೆ ಬೆಳಗಿನ ಕತ್ತಲಲ್ಲಿ ಗಂಡು ಟರ್ಕಿ ಮರದ ಮೇಲಿಂದ ಕೂಗಿದ್ದನ್ನು ಒಮ್ಮೆ ಕೇಳಿದ ಮೇಲೆ ಮನಸ್ಸು ಅಲ್ಲೇ ನಿಂತುಬಿಟ್ಟಿದೆ.

ಈ ಸಲ ಏಪ್ರಿಲ್ ಕೊನೆಯಲ್ಲಿ ಐದು ದಿನ ರಜೆ ಸಿಕ್ಕಿದೆ. ಮೊದಲ ಸಲ ಬೇರೆ ರಾಜ್ಯಕ್ಕೆ ಹೋಗುವ ಆಸೆ. ಮಿಸೌರಿಯಲ್ಲಿ ಎರಡು ದಿನ, ಕಾನ್ಸಸ್‌ನಲ್ಲಿ ಎರಡು ದಿನ, ನೆಬ್ರಾಸ್ಕಾದಲ್ಲಿ ಒಂದು ದಿನ ಅಂತ ಯೋಚಿಸಿದ್ದೇನೆ. ಹೀಗೆ ಹೋದರೆ ಈಸ್ಟರ್ನ್, ರಿಯೋ ಗ್ರಾಂಡೆ, ಮೆರಿಯಮ್ಸ್ ಮೂರು ಉಪಜಾತಿಯ ಟರ್ಕಿಯನ್ನೂ ನೋಡಬಹುದು ಅಲ್ವಾ? ಜೊತೆಗೆ ಒಬ್ಬ ಗೆಳೆಯ ಬರುತ್ತಾನೆ. ಅವನದು ಎಚ್-1ಬಿ ವೀಸಾ, ನನ್ನದು ಗ್ರೀನ್ ಕಾರ್ಡ್. ಟೆಂಟ್ ಇದೆ, 12 ಗೇಜ್ ಕೋವಿ ಇದೆ, ಎರಡು ಪ್ಲಾಸ್ಟಿಕ್ ಟರ್ಕಿ ಗೊಂಬೆ ಇವೆ. ಇನ್ನೇನು ಬೇಕು? ಏನು ಬೇಡ? ಯಾರಿಗೂ ನಿಬಂಧನೆಯಿಲ್ಲ, ಮನಸ್ಸಿಗೆ ಬಂದದ್ದನ್ನು ಹೇಳಿ.

ಓಜಾರ್ಕ್ ವಾಸಿ, ಮಾರ್ಚ್ 8

ಮೂರು ರಾಜ್ಯ ಬಿಡಿ. ಒಂದೇ ಕಾಡು ಹಿಡಿಯಿರಿ.

ನಾನು ತೀರ್ಥಹಳ್ಳಿಯವನು. ಮಿಸೌರಿಗೆ ಬಂದು ಹದಿನೆಂಟು ವರ್ಷ ಆಯಿತು. ನನ್ನ ಮೊದಲ ಹೊರರಾಜ್ಯದ ಬೇಟೆಯಲ್ಲಿ ನೀವು ಈಗ ಹೇಳಿದ ಹಾಗೇ ಮಾಡಿದ್ದೆ. ಐದು ದಿನದಲ್ಲಿ ಹೆಚ್ಚು ಹೊತ್ತು ನೋಡಿದ್ದು ಹೆದ್ದಾರಿಯನ್ನು. ಹೊಸ ಕಾಡಿನಲ್ಲಿ ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಎರಡನೇ ದಿನ ಹಕ್ಕಿ ಎಲ್ಲಿ ಮಲಗುತ್ತದೆ, ಎಲ್ಲಿ ಇಳಿಯುತ್ತದೆ ಅಂತ ಸ್ವಲ್ಪ ತಿಳಿಯುತ್ತದೆ. ಆ ತಿಳಿವಳಿಕೆ ಕೆಲಸಕ್ಕೆ ಬರುವುದು ಮೂರನೇ ದಿನ. ಅಷ್ಟು ಹೊತ್ತಿಗೆ ನೀವು ಗಾಡಿ ಹತ್ತಿ ಮುಂದಿನ ರಾಜ್ಯಕ್ಕೆ ಹೊರಟಿರುತ್ತೀರಿ. ಮೂರು ರಾಜ್ಯ ಅಂದರೆ ಮೂರು ಪರ್ಮಿಟ್, ಮೂರು ಬಗೆಯ ನಿಯಮ ಕೂಡ. ಕೆಲವು ಕಡೆ ಹೊರಗಿನವರಿಗೆ ಪರ್ಮಿಟ್ ಸಂಖ್ಯೆಗೆ ಮಿತಿ ಇದೆ, ಮೊದಲೇ ಅರ್ಜಿ ಹಾಕಬೇಕು.

ಮಿಸೌರಿಗೇ ಬನ್ನಿ. ಶಿಕಾಗೋದಿಂದ ರೋಲಾ ಊರಿಗೆ ಸುಮಾರು 400 ಮೈಲಿ. ರೋಲಾದಲ್ಲೇ ಮಾರ್ಕ್ ಟ್ವೈನ್ ನ್ಯಾಷನಲ್ ಫಾರೆಸ್ಟ್‌ನ ಮುಖ್ಯ ಕಚೇರಿ ಇದೆ. ಆ ಕಾಡು ಒಟ್ಟು 15 ಲಕ್ಷ ಎಕರೆ, 29 ಕೌಂಟಿಗಳಲ್ಲಿ ಹರಡಿದೆ. ಕಾಡೊಳಗೆ ಹೆಚ್ಚಿನ ಕಡೆ ಟೆಂಟ್ ಹಾಕಿಕೊಂಡು 14 ದಿನದವರೆಗೆ ಇರಬಹುದು. ಆದರೆ ಇದು ಒಂದೇ ತುಂಡಾಗಿಲ್ಲ. ನಡುನಡುವೆ ಖಾಸಗಿ ಜಮೀನು ಇದೆ. ಅದಕ್ಕೇ ಆನ್‌ಎಕ್ಸ್ ಥರದ ನಕ್ಷೆಯ ಆ್ಯಪ್ ಹಾಕಿಕೊಳ್ಳಿ. ಮನೆಯಲ್ಲೇ ಕೂತು ಆ ಭಾಗದ ನಕ್ಷೆ ಇಳಿಸಿಕೊಳ್ಳಿ. ಮಿಸೌರಿಯ ದಕ್ಷಿಣದ ಓಜಾರ್ಕ್ ಗುಡ್ಡಗಾಡಿನ ಕಣಿವೆಗಳಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ.

ಇನ್ನೊಂದು ಮಾತು ನೆನಪಿಡಿ. ಮರಕ್ಕೋ ಬೇಲಿ ಕಂಬಕ್ಕೋ ನೇರಳೆ ಬಣ್ಣದ ಪಟ್ಟಿ ಬಳಿದಿದ್ದರೆ ಅದು ಖಾಸಗಿ ಜಾಗ, ಒಳಗೆ ಕಾಲಿಡಬಾರದು. 1993ರಿಂದ ಇಲ್ಲಿ ಆ ಬಣ್ಣಕ್ಕೆ ‘ಪ್ರವೇಶವಿಲ್ಲ’ ಬೋರ್ಡಿನಷ್ಟೇ ಬೆಲೆ.

ನಿಯಮಗಳನ್ನು ಆ ವರ್ಷದ ಪುಸ್ತಿಕೆಯಲ್ಲೇ ಓದಿಕೊಳ್ಳಿ. ನಾನು ಮುಖ್ಯವಾದದ್ದು ಹೇಳುತ್ತೇನೆ. ಸೀಸನ್ ಸಾಮಾನ್ಯವಾಗಿ ಏಪ್ರಿಲ್ ಮೂರನೇ ಸೋಮವಾರ ಶುರುವಾಗಿ ಮೂರು ವಾರ ನಡೆಯುತ್ತದೆ. ಸಾರ್ವಜನಿಕ ಕಾಡಿನಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಮಧ್ಯಾಹ್ನ 1 ಗಂಟೆವರೆಗೆ ಮಾತ್ರ. ಗಂಡು ಅಥವಾ ಎದೆಯಲ್ಲಿ ಗಡ್ಡ (ಕೂದಲಿನಂಥ ಗರಿಯ ಗೊಂಚಲು) ಕಾಣುವ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ಮೊದಲ ವಾರದಲ್ಲಿ ಒಂದೇ ಹಕ್ಕಿ. ಕಾಳು ಚೆಲ್ಲಿ ಕರೆಯುವಂತಿಲ್ಲ. ರೆಕಾರ್ಡ್ ಮಾಡಿದ ಕೂಗು ಹಾಕುವಂತಿಲ್ಲ. ತೋಟಾದೊಳಗಿನ ಚರೆ (ಸಣ್ಣ ಗುಂಡು) 4ನೇ ನಂಬರಿಗಿಂತ ದಪ್ಪ ಇರಬಾರದು; ನಂಬರ್ ಹೆಚ್ಚಿದಷ್ಟೂ ಚರೆ ಸಣ್ಣದು. ಹಕ್ಕಿ ಬಿದ್ದ ಕೂಡಲೇ ಪರ್ಮಿಟ್‌ನಲ್ಲಿ ಗುರುತು ಹಾಕಿ, ಅದೇ ರಾತ್ರಿ 10 ಗಂಟೆಯೊಳಗೆ ಟೆಲಿಚೆಕ್‌ನಲ್ಲಿ (ಹೊಡೆದ ಹಕ್ಕಿಯ ಲೆಕ್ಕ ಕೊಡುವ ರಾಜ್ಯದ ವ್ಯವಸ್ಥೆ) ವರದಿ ಕೊಡಬೇಕು. ಅಲ್ಲಿಯವರೆಗೆ ತಲೆ, ಗರಿ ತೆಗೆಯಬಾರದು. ನಿಮ್ಮ ಇಲಿನಾಯ್ ಹಂಟರ್ ಎಜುಕೇಶನ್ ಕಾರ್ಡ್ ಇಲ್ಲಿ ನಡೆಯುತ್ತದೆ, ಜೊತೆಗೆ ತನ್ನಿ.

ತುಮಕೂರು ಟು ಟೆನ್ನೆಸ್ಸೀ, ಮಾರ್ಚ್ 9

ಗೆಳೆಯರ ವೀಸಾ ವಿಷಯ ಯಾರೂ ಮುಟ್ಟಲಿಲ್ಲ, ಅದನ್ನು ಮೊದಲು ನೋಡಿ. ನಾನೂ ಆರು ವರ್ಷ ಎಚ್-1ಬಿಯಲ್ಲಿ ಇದ್ದವನು.

ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ನಾನ್-ಇಮಿಗ್ರೆಂಟ್ ವೀಸಾದಲ್ಲಿ ಬಂದವರು ಬಂದೂಕನ್ನೂ ತೋಟಾವನ್ನೂ ಇಟ್ಟುಕೊಳ್ಳುವಂತಿಲ್ಲ. ಎಚ್-1ಬಿ, ವಿದ್ಯಾರ್ಥಿಗಳ ಎಫ್-1 ಎರಡೂ ಇದರಲ್ಲಿ ಬರುತ್ತವೆ. ಇದಕ್ಕೆ ಕೆಲವು ವಿನಾಯಿತಿ ಇವೆ. ನಮಗೆ ಮುಖ್ಯವಾದದ್ದು ಒಂದು: ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಇರಬೇಕು, ಅದರ ಅವಧಿ ಮುಗಿದಿರಬಾರದು. ‘ಸ್ವಲ್ಪ ಹಿಡ್ಕೋ, ನಾನು ಬೇಲಿ ದಾಟ್ತೀನಿ’ ಅಂತ ಕೋವಿ ಕೈಗೆ ಕೊಟ್ಟರೂ ತೊಂದರೆಯಾಗಬಹುದು. ಇಲಿನಾಯ್‌ನಲ್ಲಿ ಇರುವವರಿಗೆ ಫಾಯ್ಡ್ ಕಾರ್ಡಿನ (ಬಂದೂಕು ಇಟ್ಟುಕೊಳ್ಳಲು ಆ ರಾಜ್ಯ ಕೊಡುವ ಗುರುತಿನ ಚೀಟಿ) ಲೆಕ್ಕ ಬೇರೆ ಇದೆ. ಇಷ್ಟು ವರ್ಷ ಕಾದು ಕಟ್ಟಿಕೊಂಡ ಬದುಕು ಒಂದು ಹಕ್ಕಿಗಾಗಿ ಕೆಡಬಾರದು. ಇಮಿಗ್ರೇಶನ್ ವಕೀಲರನ್ನು ಒಂದು ಮಾತು ಕೇಳಿ. ಅನುಮಾನ ಉಳಿದರೆ ಅವರು ಕೋವಿ ಮುಟ್ಟದೆ ಜೊತೆಗೆ ಕೂತು ನೋಡಲಿ. ನನ್ನ ಮೊದಲ ಮೂರು ವರ್ಷ ಹಾಗೇ ಕಳೆದವು. ಕಲಿತದ್ದೆಲ್ಲ ಆಗಲೇ.

ದಾರಿಯಲ್ಲಿ ಕೋವಿ ಖಾಲಿ ಇರಲಿ, ಪೆಟ್ಟಿಗೆಗೆ ಬೀಗ ಹಾಕಿ ಡಿಕ್ಕಿಯಲ್ಲಿ ಇಡಿ. ತೋಟಾ ಬೇರೆ ಡಬ್ಬಿಯಲ್ಲಿ.

ಕಾಡುದಾರಿ, ಮಾರ್ಚ್ 9

ಇದು ನನಗೆ ಗೊತ್ತೇ ಇರಲಿಲ್ಲ. ತುಂಬಾ ಥ್ಯಾಂಕ್ಸ್ ಸರ್. ಗೆಳೆಯನ ಜೊತೆ ಮಾತಾಡಿದೆ. ಅವನು ಈ ವರ್ಷ ದುರ್ಬೀನು ಹಿಡಿದು ಕೂರುತ್ತೇನೆ ಅಂದ. ಮೂರು ರಾಜ್ಯದ ಯೋಚನೆ ಬಿಟ್ಟೆ. ಐದೂ ದಿನ ಮಿಸೌರಿಯಲ್ಲೇ. ಓಜಾರ್ಕ್ ಅಣ್ಣ, ಇಷ್ಟು ದೊಡ್ಡ ಕಾಡಿನಲ್ಲಿ ಎಲ್ಲಿಂದ ಶುರು ಮಾಡಲಿ?

ಓಜಾರ್ಕ್ ವಾಸಿ, ಮಾರ್ಚ್ 10

ನಕ್ಷೆಯಲ್ಲಿ ಮೂರು ಜಾಗ ಆರಿಸಿ. ಒಂದರಿಂದ ಇನ್ನೊಂದಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ದೂರ ಬೇಡ. ಉದ್ದನೆಯ ಗುಡ್ಡದ ನೆತ್ತಿ, ಕೆಳಗೆ ಹಳ್ಳ, ಹತ್ತಿರದಲ್ಲೇ ಬಯಲು ಅಥವಾ ಹುಲ್ಲುಗಾವಲು ಇರುವ ಕಡೆ ನೋಡಿ. ಅರಣ್ಯ ಇಲಾಖೆಯವರು ಚಳಿಗಾಲದ ಕೊನೆಯಲ್ಲಿ ಬೇಕೆಂದೇ ಬೆಂಕಿ ಕೊಟ್ಟು ತರಗು ಸುಡುತ್ತಾರೆ. ಹಾಗೆ ಸುಟ್ಟ ಜಾಗದಲ್ಲಿ ಹೊಸ ಚಿಗುರು, ಹುಳ ಸಿಗುತ್ತವೆ ಅಂತ ಟರ್ಕಿ ಬರುತ್ತದೆ. ರೇಂಜರ್ ಕಚೇರಿಗೆ ಫೋನ್ ಮಾಡಿ ‘ಈ ವರ್ಷ ಎಲ್ಲಿ ಸುಟ್ಟಿದ್ದೀರಿ, ಯಾವ ರಸ್ತೆ ಮುಚ್ಚಿದೆ’ ಅಂತ ಕೇಳಿ. ಸಂತೋಷವಾಗಿ ಹೇಳುತ್ತಾರೆ. ಗಾಡಿ ಹೋಗದ ದಾರಿ ಇದ್ದರೆ ಇನ್ನೂ ಒಳ್ಳೆಯದು. ಅರ್ಧ ಮೈಲಿ ನಡೆದರೆ ಜನ ಕಡಿಮೆಯಾಗುತ್ತಾರೆ.

ಬೇಟೆ ಶುರು ಮಾಡುವ ಹಿಂದಿನ ದಿನವೇ ಬಂದು ಮುಟ್ಟಿ. ಕೋವಿ ಗಾಡಿಯಲ್ಲೇ ಇರಲಿ. ಸಂಜೆ ಬೆಳಕು ಹೋಗುವ ಹೊತ್ತಿಗೆ ನೆತ್ತಿಯ ಮೇಲೆ ಸುಮ್ನೆ ನಿಲ್ಲಿ. ಟರ್ಕಿ ರಾತ್ರಿ ಮರ ಹತ್ತಿ ಮಲಗುತ್ತದೆ. ಹತ್ತುವಾಗ ರೆಕ್ಕೆ ಬಡಿಯುವ ಸದ್ದು ದೊಡ್ಡದಾಗಿ ಕೇಳುತ್ತದೆ. ಗೂಬೆ ಕೂಗಿದರೆ ಗಂಡು ತಡೆಯಲಾರದೆ ತಾನೂ ಕೂಗುತ್ತದೆ. ಬೇಟೆಗಾರರು ಗೂಬೆಯ ಹಾಗೆ ಕೂಗುವುದು ಅದಕ್ಕೇ. ಆ ಒಂದು ಕೂಗು ಕೇಳಿದರೆ ನಾಳೆ ಬೆಳಿಗ್ಗೆ ಎಲ್ಲಿ ಕೂರಬೇಕು ಅಂತ ಗೊತ್ತಾದ ಹಾಗೆ. ಬೆಳಿಗ್ಗೆ ಐದಕ್ಕೆ ಕಾಡೊಳಗೆ ಇರಿ. ಮರದಿಂದ ನೂರು ನೂರೈವತ್ತು ಗಜ ದೂರ, ಅದೇ ಎತ್ತರದಲ್ಲಿ ಅಥವಾ ಸ್ವಲ್ಪ ಮೇಲೆ. ಬ್ಯಾಟರಿ ಬೆಳಕು ಬೇಡ.

ನಮ್ಮ ಕಡೆ ಹಿರಿಯರು ಸೋವು ಬೇಟೆ (ಅಟ್ಟಿ ಹೊಡೆಯುವುದು), ಮರಸು ಬೇಟೆ (ಅಡಗಿ ಕಾಯುವುದು) ಅಂತ ಎರಡು ಬಗೆ ಹೇಳುತ್ತಿದ್ದರು. ಇದು ಪೂರ್ತಿ ಮರಸು. ಬೆನ್ನಟ್ಟಿ ಹೋದವರಿಗೆ ಟರ್ಕಿ ಸಿಗುವುದಿಲ್ಲ. ಅದಕ್ಕೆ ಮೂಗು ಚುರುಕಲ್ಲ. ಆದರೆ ಕಣ್ಣು, ಕಿವಿ ಅಂಥವು ನಾನು ಬೇರೆಲ್ಲೂ ಕಂಡಿಲ್ಲ.

ಮಡಿಕೇರಿ ಮಂಜು, ಮಾರ್ಚ್ 11

ಕೋವಿ ಬಗ್ಗೆ ಎರಡು ಮಾತು. ನಮ್ಮ ಮನೆಯಲ್ಲಿ ಕೈಲ್ ಪೊಳ್ದು (ಕೊಡಗಿನ ಆಯುಧ ಪೂಜೆಯ ಹಬ್ಬ) ದಿನ ಕೋವಿ ಒರೆಸಿ, ಪೂಜೆಗೆ ಇಟ್ಟು, ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ ಸಿಕ್ಕಿಸುತ್ತಿದ್ದರು. ಅಜ್ಜ ಹೇಳುತ್ತಿದ್ದದ್ದು, ನಿನ್ನ ಕೋವಿ ನಿನಗೆ ಗೊತ್ತಿರಬೇಕು ಅಂತ. ಆದ್ದರಿಂದ ಹೊರಡುವ ಮೊದಲು ಕಾಗದಕ್ಕೆ ಹೊಡೆದು ನೋಡಿ. ದೊಡ್ಡ ಕಾಗದ, ನಡುವೆ 10 ಇಂಚಿನ ವೃತ್ತ. 20, 30, 40 ಗಜದಿಂದ ಒಂದೊಂದು. ವೃತ್ತದೊಳಗೆ ನೂರು ಚರೆಯಾದರೂ ಬಿದ್ದರೆ ಆ ದೂರ ನಿಮ್ಮದು. ಬೀಳದಿದ್ದರೆ ಚೋಕ್ (ಚರೆ ಹೆಚ್ಚು ಹರಡದಂತೆ ನಳಿಗೆಯ ತುದಿಗೆ ಹಾಕುವ ಕೊಳವೆ) ಬದಲಿಸಿ, ಇಲ್ಲವೇ ತೋಟಾ ಬದಲಿಸಿ, ಅದೂ ಆಗದಿದ್ದರೆ ಹತ್ತಿರ ಬರುವವರೆಗೆ ಕಾಯಿರಿ. ಗುರಿ ತಲೆ ಮತ್ತು ಕುತ್ತಿಗೆಗೆ ಮಾತ್ರ. ಮೈಗೆ ಹೊಡೆದರೆ ಹಕ್ಕಿ ಗಾಯವಾಗಿ ಹಾರಿಹೋಗಿ ಎಲ್ಲೋ ನರಳಿ ಸಾಯುತ್ತದೆ. ಅದು ಪಾಪ.

ಈಗ ಟಂಗ್‌ಸ್ಟನ್ ಚರೆ ಬಂದಿದೆ. ಸೀಸಕ್ಕಿಂತ ತುಂಬಾ ಭಾರ, ಅದಕ್ಕೇ 9ನೇ ನಂಬರಿನ ಸಣ್ಣ ಚರೆಯೂ ಬಲವಾಗಿ ಹೋಗುತ್ತದೆ. ಬೆಲೆ ಜಾಸ್ತಿ. ನಿಮ್ಮ ಹಳೆಯ ಸೀಸದ ತೋಟಾ 30 ಗಜಕ್ಕೆ ಚೆನ್ನಾಗಿ ಬಿದ್ದರೆ ಸಾಕು. ರಾಜ್ಯದ ವನ್ಯಜೀವಿ ಇಲಾಖೆಯ ಕೆಲವು ಕನ್ಸರ್ವೇಶನ್ ಏರಿಯಾಗಳಲ್ಲಿ ಸೀಸಕ್ಕೆ ಅವಕಾಶವಿಲ್ಲ, ಬೋರ್ಡ್ ಓದಿ.

ಇನ್ನು ಜೀವದ ಮಾತು. ಗಂಡು ಟರ್ಕಿಯ ತಲೆ ಕೆಂಪು, ಬಿಳಿ, ನೀಲಿ. ಈ ಮೂರು ಬಣ್ಣ ನಿಮ್ಮ ಮೈಮೇಲೆ ಎಲ್ಲೂ ಬೇಡ. ಒಳಗಿನ ಬನಿಯನ್, ಕಾಲುಚೀಲ, ಕರವಸ್ತ್ರ ಕೂಡ. ಭುಜಕ್ಕಿಂತ ಅಗಲದ ಮರಕ್ಕೆ ಬೆನ್ನು ಕೊಟ್ಟು ಕೂರಿ. ಕೂಗು ಕೇಳಿದ ಕಡೆ ತೆವಳಿಕೊಂಡು ಹೋಗಬೇಡಿ, ಆ ಕೂಗು ಇನ್ನೊಬ್ಬ ಬೇಟೆಗಾರನದ್ದೇ ಇರಬಹುದು. ಯಾರಾದರೂ ನಿಮ್ಮ ಕಡೆ ಬರುವುದು ಕಂಡರೆ ಕೈ ಬೀಸಬೇಡಿ. ಕೂತಲ್ಲೇ ಜೋರಾಗಿ ಮಾತಾಡಿ. ಹಕ್ಕಿ ಓಡಿಹೋದರೆ ಹೋಗಲಿ. ಹೊತ್ತುಕೊಂಡು ಬರುವಾಗ ಕಿತ್ತಳೆ ಬಣ್ಣದ ಬಟ್ಟೆಯಲ್ಲಿ ಪೂರ್ತಿ ಸುತ್ತಿ ತನ್ನಿ. ನಾನು ಒಂದು ಸಲ ಬರಿದಾಗಿ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದೆ. ಎದುರಿನಿಂದ ಬಂದವನು ಕೋವಿ ಎತ್ತಿ ಮತ್ತೆ ಇಳಿಸಿದ್ದನ್ನು ನೋಡಿದೆ. ಆ ದಿನದಿಂದ ಬಟ್ಟೆ ಮರೆತಿಲ್ಲ.

ಸೊರಬದವಳು, ಮಾರ್ಚ್ 11

ನಾನು ಬೇಟೆ ಮಾಡುವವಳಲ್ಲ. ಗಂಡ ಮಾಡುತ್ತಾರೆ. ನಾನು ನರ್ಸ್. ಹೇಳಬೇಕಾದ್ದು ಉಣುಗಿನ ಬಗ್ಗೆ.

1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತಲ್ಲ, ಅದು ನಮ್ಮೂರ ಪಕ್ಕ. ಉಣುಗು ಕಚ್ಚಿದರೆ ಏನಾಗಬಹುದು ಅಂತ ನಮ್ಮ ಮನೆಗಳಲ್ಲಿ ಚಿಕ್ಕವರಿಗೂ ಗೊತ್ತು. ಓಜಾರ್ಕ್ ಕಾಡಿನಲ್ಲಿ ಏಪ್ರಿಲ್, ಮೇ ಅಂದರೆ ಉಣುಗಿನ ಕಾಲ. ಅಲ್ಲಿ ಜಾಸ್ತಿ ಇರುವುದು ಲೋನ್ ಸ್ಟಾರ್ ಅನ್ನುವ ಜಾತಿ. ಹೆಣ್ಣಿನ ಬೆನ್ನ ಮೇಲೆ ಒಂದು ಬಿಳಿ ಚುಕ್ಕೆ ಇರುತ್ತದೆ. ಅದರಿಂದ ಎರ್ಲಿಕಿಯೋಸಿಸ್ ಜ್ವರ ಬರಬಹುದು. ಇದೇ ಉಣುಗು ಹರಡುವ ಹಾರ್ಟ್‌ಲ್ಯಾಂಡ್ ವೈರಸ್ ಮೊದಲು ಗೊತ್ತಾಗಿದ್ದೇ 2009ರಲ್ಲಿ ಮಿಸೌರಿಯ ರೋಗಿಗಳಲ್ಲಿ. ಆಲ್ಫಾ-ಗ್ಯಾಲ್ ಅನ್ನುವ ಅಲರ್ಜಿಯೂ ಇದರಿಂದಲೇ. ಅದು ಬಂದರೆ ಕುರಿ, ಹಂದಿ, ದನದ ಮಾಂಸ ತಿಂದ ಕೆಲವು ಗಂಟೆಯ ನಂತರ ಮೈಯೆಲ್ಲ ದದ್ದು, ಹೊಟ್ಟೆನೋವು, ಕೆಲವರಿಗೆ ಉಸಿರಾಟಕ್ಕೇ ಕಷ್ಟ. ಕೋಳಿ, ಟರ್ಕಿ, ಮೀನು ತಿನ್ನಬಹುದು.

ಪರ್ಮೆಥ್ರಿನ್ ಅನ್ನುವ ಕೀಟನಾಶಕ 0.5 ಶೇಕಡಾದ್ದು ತಂದು ಬಟ್ಟೆ, ಬೂಟು, ಟೆಂಟಿನ ಬಾಗಿಲಿಗೆ ಹೊಡೆದು ಬಿಸಿಲಲ್ಲಿ ಒಣಗಿಸಿ. ಇದು ಬಟ್ಟೆಗೆ ಮಾತ್ರ, ಚರ್ಮಕ್ಕೆ ಅಲ್ಲ. ಮನೆಯಲ್ಲಿ ಬೆಕ್ಕು ಇದ್ದರೆ ಒಣಗುವವರೆಗೆ ದೂರ ಇಡಿ, ಅದಕ್ಕೆ ವಿಷ. ಚರ್ಮಕ್ಕೆ ಹಚ್ಚಲು ಡೀಟ್ ಅಥವಾ ಪಿಕಾರಿಡಿನ್ ಇರುವ, ಹುಳ ಓಡಿಸುವ ಔಷಧಿ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ. ಸಂಜೆ ಪ್ರತಿದಿನ ಕಂಕುಳು, ತೊಡೆಸಂದು, ಮಂಡಿ ಹಿಂದೆ, ಕೂದಲ ಬುಡ ನೋಡಿಕೊಳ್ಳಿ. ಕಚ್ಚಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಬೆಂಕಿ, ಸೀಮೆಎಣ್ಣೆ ಯಾವುದೂ ಬೇಡ. ದಿನಾಂಕ ಬರೆದಿಡಿ. ಎರಡು ವಾರದೊಳಗೆ ಜ್ವರ, ತಲೆನೋವು ಬಂದರೆ ಡಾಕ್ಟರಿಗೆ ‘ಉಣುಗು ಕಚ್ಚಿತ್ತು, ಇಂಥ ದಿನ’ ಅಂತ ಮೊದಲ ಮಾತಿನಲ್ಲೇ ಹೇಳಿ.

ಹಸಿರು ಹಾದಿ, ಮಾರ್ಚ್ 13

ಯಾರೂ ತಪ್ಪು ತಿಳಿಯಬೇಡಿ, ನಿಜವಾಗಿ ಅರ್ಥ ಮಾಡಿಕೊಳ್ಳಲು ಕೇಳುತ್ತಿದ್ದೇನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದು ಬೇಟೆ ನಿಂತಿತು. ಅದು ಒಳ್ಳೆಯದೇ ಆಯಿತು ಅಂತ ನಂಬಿದವನು ನಾನು. ವಸಂತ ಅಂದರೆ ಹಕ್ಕಿಗಳು ಜೋಡಿಯಾಗುವ ಕಾಲ. ಆಗಲೇ ಹೋಗಿ ಗಂಡನ್ನು ಕೊಲ್ಲುವುದು ಸರಿಯಾ?

ಓಜಾರ್ಕ್ ವಾಸಿ, ಮಾರ್ಚ್ 13

ಕೇಳಬೇಕಾದ ಪ್ರಶ್ನೆಯೇ. ನಮ್ಮೂರಲ್ಲಿ ಕಾನೂನು ಬಂದದ್ದು ಸರಿ ಅಂತ ನಾನೂ ನಂಬುತ್ತೇನೆ. ಅಲ್ಲಿ ಉಳಿದ ಕಾಡು ಎಷ್ಟು, ಪ್ರಾಣಿ ಎಷ್ಟು ಅಂತ ನೋಡಿದರೆ ಬೇರೆ ದಾರಿ ಇರಲಿಲ್ಲ.

ಇಲ್ಲಿನ ಕಥೆ ಬೇರೆ. ಇಲ್ಲಿಯೂ ಒಂದು ಕಾಲದಲ್ಲಿ ಲಗಾಮಿಲ್ಲದೆ ಹೊಡೆದರು, ಕಾಡು ಕಡಿದರು. 1930ರ ದಶಕದ ಹೊತ್ತಿಗೆ ಇಡೀ ದೇಶದಲ್ಲಿ ಕಾಡು ಟರ್ಕಿ ಎರಡು ಲಕ್ಷದ ಆಸುಪಾಸಿಗೆ ಇಳಿದಿತ್ತು. ಮಿಸೌರಿಯಲ್ಲಿ 1950ರ ದಶಕದ ಆರಂಭಕ್ಕೆ ಕೆಲವೇ ಸಾವಿರ. 1937ರಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಕಾನೂನು ಬಂತು. ಕೋವಿ, ತೋಟಾ ಮೇಲಿನ ತೆರಿಗೆ ವನ್ಯಜೀವಿಗಳ ಕೆಲಸಕ್ಕೇ ಹೋಗಬೇಕು ಅಂತ ಆಯಿತು. ಉದ್ದ ಕೋವಿಗೆ ಆ ತೆರಿಗೆ ಶೇಕಡಾ 11. ಸಾಕಿದ ಹಕ್ಕಿ ಬಿಟ್ಟು ನೋಡಿದರು, ಅವು ಬದುಕಲಿಲ್ಲ. ಆಮೇಲೆ ತೋಪಿನಿಂದ ಬಲೆ ಹಾರಿಸಿ ಕಾಡಿನ ಹಕ್ಕಿಗಳನ್ನೇ ಹಿಡಿದು, ಇಲ್ಲದ ಕಡೆ ಬಿಟ್ಟರು. ಅದು ಫಲಿಸಿತು. ಮಿಸೌರಿಯಲ್ಲಿ 1960ರಲ್ಲಿ ಬೇಟೆ ಮತ್ತೆ ತೆರೆಯಿತು. 1976ರಲ್ಲಿ ಇಲ್ಲಿನ ಜನ ಮತ ಹಾಕಿ, ತಾವು ಕೊಳ್ಳುವ ವಸ್ತುಗಳ ಮೇಲೆ ಶೇಕಡಾ ಒಂದರ ಎಂಟನೇ ಒಂದು ಭಾಗದಷ್ಟು ತೆರಿಗೆಯನ್ನು ಕಾಡಿಗಾಗಿ ಕೊಡಲು ಒಪ್ಪಿದರು. ಬೇಟೆಯಾಡದವರೂ ಕೊಡುತ್ತಾರೆ. ನನಗೆ ಈ ರಾಜ್ಯದ ಬಗ್ಗೆ ಗೌರವ ಬಂದದ್ದು ಅಲ್ಲಿಂದ.

ವಸಂತದ ಬಗ್ಗೆ: ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುತ್ತದೆ. ಮೊಟ್ಟೆ ಕಾಯುವುದರಲ್ಲಿ, ಮರಿ ಸಾಕುವುದರಲ್ಲಿ ಅದಕ್ಕೆ ಪಾಲಿಲ್ಲ. ಅದಕ್ಕೇ ಗಂಡಿಗೆ ಮಾತ್ರ ಅವಕಾಶ. ಈಚೆಗೆ ಹಲವು ರಾಜ್ಯಗಳಲ್ಲಿ ಮರಿಗಳು ಉಳಿಯುವುದು ಕಡಿಮೆಯಾಗಿದೆ. ಸೀಸನ್ ಬೇಗ ಶುರು ಮಾಡಬಾರದು ಅಂತ ಬೇಟೆಗಾರರೇ ವಾದಿಸುತ್ತಾರೆ. ನನಗೂ ಅದೇ ಅನ್ನಿಸುತ್ತದೆ. ಇಷ್ಟಾದರೂ ನಿಮಗೆ ಸರಿ ಅನ್ನಿಸದಿದ್ದರೆ ನಿಮ್ಮ ಮಾತಿಗೆ ನಾನು ಎದುರು ಹೇಳುವುದಿಲ್ಲ.

ಕಾಡುದಾರಿ, ಏಪ್ರಿಲ್ 2

ಪರ್ಮಿಟ್ ತೆಗೆದುಕೊಂಡೆ. ಕಾಗದಕ್ಕೆ ಹೊಡೆದು ನೋಡಿದೆ. ನನ್ನ ಕೋವಿಗೆ 35 ಗಜ ಮಿತಿ. ಈಗ ಕೂಗಿನ ಅಭ್ಯಾಸ ನಡೆದಿದೆ. ಬಾಯೊಳಗೆ ಇಡುವ ಕಾಲ್ (ಹಕ್ಕಿಯ ಕೂಗು ಹೊರಡಿಸುವ ಸಾಧನ) ನನಗೆ ಆಗುತ್ತಿಲ್ಲ, ಓಕರಿಕೆ ಬರುತ್ತದೆ. ಮರದ ಪೆಟ್ಟಿಗೆಯ ಕಾಲ್ ಸುಲಭ. ಅದೊಂದೇ ಸಾಕಾ?

ಮಡಿಕೇರಿ ಮಂಜು, ಏಪ್ರಿಲ್ 2

ಸಾಕು. ಆದರೆ ಪೆಟ್ಟಿಗೆ ಉಜ್ಜುವಾಗ ಕೈ ಆಡುತ್ತದೆ, ಹಕ್ಕಿ ಕಣ್ಣಳತೆಗೆ ಬಂದ ಮೇಲೆ ಮುಟ್ಟಬೇಡಿ. ಸಾಧ್ಯವಾದರೆ ಸ್ಲೇಟಿನ ಕಾಲ್ ಒಂದು ಇಟ್ಟುಕೊಳ್ಳಿ, ಮೆಲ್ಲನೆ ಸದ್ದು ಬರುತ್ತದೆ. ಹೆಣ್ಣಿನ ಸಾದಾ ಕೂಗುಗಳಾದ ಯೆಲ್ಪ್, ಕ್ಲಕ್ ಎರಡು ಬಂದರೆ ಆಯಿತು. ಸಾರ್ವಜನಿಕ ಕಾಡಿನಲ್ಲಿ ಗಂಡಿನ ಕೂಗು ಮಾತ್ರ ಹಾಕಲೇಬೇಡಿ, ಬೇರೆಯವರು ನಿಮ್ಮನ್ನೇ ಹಕ್ಕಿ ಅಂದುಕೊಂಡಾರು.

ಓಜಾರ್ಕ್ ವಾಸಿ, ಏಪ್ರಿಲ್ 3

ಒಂದು ಸೇರಿಸುತ್ತೇನೆ. ಕಾಡಿನ ನಿಯಮದಲ್ಲಿ ಗಂಡು ಕೂಗುತ್ತದೆ, ಹೆಣ್ಣು ಅದರ ಹತ್ತಿರ ಹೋಗುತ್ತದೆ. ನಾವು ಹೆಣ್ಣಿನ ದನಿಯಲ್ಲಿ ಕರೆದು ಗಂಡನ್ನೇ ಬರಮಾಡಿಕೊಳ್ಳಲು ನೋಡುತ್ತೇವೆ. ಅದು ನಿಂತು ‘ನೀನೇ ಬಾ’ ಅಂತ ಕಾಯುತ್ತದೆ. ಆಗ ಮತ್ತೆ ಮತ್ತೆ ಕರೆದರೆ ಅದು ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ. ಸುಮ್ಮನಾಗಿ. ಅರ್ಧ ಗಂಟೆ. ಬೆಳಿಗ್ಗೆ ಒಂಬತ್ತರ ಮೇಲೆ ಹೆಣ್ಣುಗಳು ಮೊಟ್ಟೆ ಇಡಲು ಒಂದೊಂದಾಗಿ ಸರಿದುಹೋಗುತ್ತವೆ. ಒಂಟಿಯಾದ ಗಂಡಿಗೆ ಬೆಳಗಿನ ಆ ದನಿ ನೆನಪಾಗುತ್ತದೆ. ಎಷ್ಟೋ ಜನ ಎಂಟು ಗಂಟೆಗೆ ಎದ್ದು ತಿಂಡಿಗೆ ಹೋಗುತ್ತಾರೆ. ನೀವು ಹೋಗಬೇಡಿ. ಚಪಾತಿ ಸುತ್ತಿಕೊಂಡು ಬನ್ನಿ.

ಗೊಂಬೆ ಎರಡೂ ಹೆಣ್ಣಿನದ್ದೇ ಇರಲಿ. ಹಳಗನ್ನಡದ ಬೇಟೆ ವರ್ಣನೆಗಳಲ್ಲಿ ಇದಕ್ಕೆ ದೀವ ಅನ್ನುವ ಚಂದದ ಪದ ಇದೆ. ನಮ್ಮವರೂ ಈ ಉಪಾಯ ಬಲ್ಲವರೇ.

ಮಳೆಗಾಲದ ಹಾಗೆ ಗುಡುಗು ಬರುತ್ತದೆ ಆ ತಿಂಗಳು, ಸುಂಟರಗಾಳಿಯೂ ಇದೆ. ಬ್ಯಾಟರಿಯ ಹವಾಮಾನ ರೇಡಿಯೋ ತನ್ನಿ. ಹಳ್ಳದ ಪಾತ್ರದಲ್ಲಿ ಟೆಂಟ್ ಹಾಕಬೇಡಿ.

ಕಾಡುದಾರಿ, ಮೇ 5

ಬಂದೆವು. ಬರೆಯಲು ತಡವಾಯಿತು, ಕ್ಷಮಿಸಿ.

ಮೊದಲ ದಿನ ಏನೂ ಇಲ್ಲ. ಸುಟ್ಟ ಗುಡ್ಡದ ಮೇಲೆ ಸಂಜೆ ನಿಂತಾಗ ದೂರದಿಂದ ಒಂದೇ ಒಂದು ಕೂಗು ಕೇಳಿಸಿತು. ಎರಡನೇ ದಿನ ಅದರ ಹತ್ತಿರ ಕೂತೆವು. ಬೆಳಕು ಹರಿಯುವ ಮೊದಲೇ ಹಕ್ಕಿ ಹದಿನೈದು ಇಪ್ಪತ್ತು ಸಲ ಕೂಗಿತು. ಇಳಿದ ಮೇಲೆ ನಮ್ಮ ಕಡೆ ಬರುತ್ತಿತ್ತು. ಅಷ್ಟರಲ್ಲಿ ಕೆಳಗಿನಿಂದ ಇನ್ನೊಬ್ಬರು ಹತ್ತಿ ಬರುವುದನ್ನು ಗೆಳೆಯ ದುರ್ಬೀನಿನಲ್ಲಿ ನೋಡಿದ. ನಾನು ಕೂತಲ್ಲಿಂದಲೇ ಜೋರಾಗಿ ‘ಗುಡ್ ಮಾರ್ನಿಂಗ್’ ಅಂದೆ. ಹಕ್ಕಿ ಹೋಯಿತು. ಅವರು ಬಂದು ಕೈಕುಲುಕಿ, ಹಳ್ಳದ ಆಚೆ ಇನ್ನೊಂದು ಗಂಡಿದೆ, ನೀವು ಹೋಗಿ, ನಾನು ಈ ಕಡೆ ಇರುತ್ತೇನೆ ಅಂದರು. ಮೂರನೇ ದಿನ ಪೂರ್ತಿ ಮಳೆ.

ನಾಲ್ಕನೇ ದಿನ ಹಳ್ಳದ ಆಚೆ. ಬೆಳಿಗ್ಗೆ ಎರಡು ಸಲ ಕೂಗಿ ಸುಮ್ಮನಾಯಿತು. ಎಂಟಾಯಿತು, ಒಂಬತ್ತಾಯಿತು. ಕಾಲು ಜೋಮು ಹಿಡಿದಿತ್ತು. ಡಾಗ್‌ವುಡ್ ಮರ ತುಂಬಾ ಬಿಳಿ ಹೂ. ಚಪಾತಿ ತಿಂದೆವು. 10.40ಕ್ಕೆ ಗೆಳೆಯ ಮೊಣಕೈಯಿಂದ ಮೆಲ್ಲಗೆ ತಿವಿದ. ಒಂದು ಸದ್ದೂ ಇಲ್ಲದೆ ಬಂದು ನಿಂತಿತ್ತು. ಬಿಳಿ ತಲೆ ಮೊದಲು ಕಂಡಿತು, ಆಮೇಲೆ ಬಿಸಿಲು ಬಿದ್ದು ಮೈಯೆಲ್ಲ ತಾಮ್ರದ ಬಣ್ಣ. 26 ಗಜ. ನನಗೆ ಎದೆಬಡಿತ ಕಿವಿಯಲ್ಲಿ ಕೇಳುತ್ತಿತ್ತು.

ಒಂದೇ ತೋಟಾ. ಹತ್ತಿರ ಹೋಗಿ ಗರಿ ಸವರಿ ಸ್ವಲ್ಪ ಹೊತ್ತು ಕೂತೆವು. ಇಬ್ಬರೂ ಮಾತಾಡಲಿಲ್ಲ. 19 ಪೌಂಡ್ ಇತ್ತು. ಪರ್ಮಿಟ್‌ಗೆ ಗುರುತು ಹಾಕಿ, ಕಿತ್ತಳೆ ಬಟ್ಟೆ ಸುತ್ತಿ, ನೆತ್ತಿ ಹತ್ತಿ ಸಿಗ್ನಲ್ ಸಿಕ್ಕ ಮೇಲೆ ಟೆಲಿಚೆಕ್ ಮಾಡಿದೆ. ಇಳಿಯುವಾಗ ಗೆಳೆಯನಿಗೆ ಒಂದು ಬುಟ್ಟಿಯಷ್ಟು ಮೊರೆಲ್ ಅಣಬೆ ಸಿಕ್ಕಿತು.

ಎದೆ ಮಾಂಸ ಕಾಳುಮೆಣಸು ಹಾಕಿ ಹುರಿದೆವು. ಕಾಲು ಮಾತ್ರ ಕುಕ್ಕರಿನಲ್ಲಿ ಆರು ವಿಷಲ್ ಆದರೂ ಬೇಯಲಿಲ್ಲ.

ಮಡಿಕೇರಿ ಮಂಜು, ಮೇ 5

ಖುಷಿಯಾಯಿತು! ಕಾಡು ಹಕ್ಕಿಯ ಕಾಲು ನಾಟಿ ಕೋಳಿಗಿಂತ ಗಟ್ಟಿ. ಸಣ್ಣ ಉರಿಯಲ್ಲಿ ಒಂದು ಗಂಟೆಗಿಂತ ಜಾಸ್ತಿ ಬಿಡಿ, ನರ ಕಿತ್ತು ತೆಗೆಯಿರಿ, ಕೊನೆಗೆ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಇದ್ದರೆ ಒಂದು ಚಮಚ.

ಸೊರಬದವಳು, ಮೇ 6

ಉಣುಗು ನೋಡಿಕೊಂಡಿರಾ?

ಕಾಡುದಾರಿ, ಮೇ 6

ನೋಡಿಕೊಂಡೆ ಅಕ್ಕ. ನನ್ನ ಮಂಡಿ ಹಿಂದೆ ಒಂದು, ಗೆಳೆಯನ ಸೊಂಟದಲ್ಲಿ ಒಂದು. ಅವನದ್ದರ ಬೆನ್ನ ಮೇಲೆ ಬಿಳಿ ಚುಕ್ಕೆ ಇತ್ತು. ಚಿಮಟದಿಂದ ತೆಗೆದು ದಿನಾಂಕ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇವೆ. ಇವತ್ತಿಗೆ ಎಂಟು ದಿನ. ಇಬ್ಬರಿಗೂ ಜ್ವರ ಇಲ್ಲ.